ಮುಟ್ಟೋಲೆಯಲ್ಲಿ ಬಿಟ್ಟ ಪದ

ಕೆಳಕೇರಿ, ಹಳೆಯ ಚಿನ್ನದ ಗಣಿಯೊಳಗೆ
ಮರುಗಾಳಿ ಶಕೆ ೨೧೨, ಫೆಬ್ರವರಿ ಮೂವತ್ತು (ನಮ್ಮ ಶಕೆಯಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ)

ನಮ್ಮ ಫ್ಯಾನುಗಳ ಪ್ರೋಗ್ರಾಂನಲ್ಲಿ ಆ ಒಂದು ಸಾಲು ಬರೆದ ಹಳೆಗಾಲದ ಅಜ್ಜನಿಗೋ ಅಜ್ಜಿಗೋ, ಯಂತ್ರಪಾಲಕಿ ಚಂಗಲಮ್ಮ ಮಾಡುವ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನನಗೆ ಅಷ್ಟೇ ವಿಚಿತ್ರ, ಅದಕ್ಕೇ ಈ ಪತ್ರ.

ನಾವು ಗಣಿಯೊಳಗೆ ಬದುಕುವವರು. ಮೇಲಿನ ಗಾಳಿಯನ್ನು ಕೇರಿಕೇರಿಗೆ ಇಳಿಸುವ ಫ್ಯಾನುಗಳನ್ನು ನಡೆಸುವುದು ನೀವು ಬರೆದ ಕರ್ನಲ್, ಕಂಪ್ಯೂಟರಿನ ಮೂಲ ಪ್ರೋಗ್ರಾಂ. ನಾವದನ್ನು ತಿರುಳು ಎನ್ನುತ್ತೇವೆ. ಇಲ್ಲಿ ಗೋಡೆಗೆ ಗೋಡೆ ಅಂಟಿದೆ, ನಾಲ್ಕು ಮನೆಗೊಂದು ಒಲೆ. ಹಾಗಾಗಿ ಪಕ್ಕದವರ ಕೊಡವಿರಲಿ, ಉಪ್ಪಿನ ಡಬ್ಬಿಯಿರಲಿ, "ಮುಟ್ಟಿದೆ" ಎಂದು ಕೂಗಿಯೇ ಕೈ ಹಾಕಬೇಕು. ಕೂಗದೆ ಮುಟ್ಟಿದವರಿಗೆ ಆ ದಿನ ಸಾರಿಲ್ಲ. ನೀವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಕಂಪೈಲರ್‌ಗೆ ನೀವು ಹೇಳುತ್ತಿದ್ದುದೂ ಇದನ್ನೇ ಅಲ್ಲವೇ? ಸಿ ಭಾಷೆಯ ನಡುವೆ ಯಂತ್ರಕ್ಕೇ ನೇರವಾಗಿ ಹೇಳುವ ಅಸೆಂಬ್ಲಿ ಸಾಲು ತುರುಕುವಾಗ, ಅದು ಯಾವ ರಿಜಿಸ್ಟರ್, ಅಂದರೆ ಯಂತ್ರದ ಯಾವ ಕೈಡಬ್ಬಿ, ಕೆಡಿಸುತ್ತದೆ, ಮೆಮೊರಿಯನ್ನು ಬದಲಿಸುತ್ತದೆಯೇ ಎಂದು ಕೊನೆಯಲ್ಲಿ ತಿಳಿಸುತ್ತೀರಲ್ಲ, ಅದಕ್ಕೆ ನಮ್ಮಲ್ಲಿ ಮುಟ್ಟೋಲೆ ಎಂದು ಹೆಸರು.

ಸೆನ್ಸರ್ ಓದುವ ನಿಮ್ಮ ಸಾಲು ಗಾಳಿಯ ಅಳತೆಯನ್ನು ತಂದು ಮೆಮೊರಿಯಲ್ಲಿಡುತ್ತದೆ. ಆದರೆ ಅದರ ಮುಟ್ಟೋಲೆಯಲ್ಲಿ ಮೆಮೊರಿ ಎಂಬ ಪದವೇ ಇಲ್ಲ. ಹಳೆಯ ಕಂಪೈಲರ್ ಪಾಪ, ಕೇಳದೆಯೇ ಮತ್ತೆ ಮತ್ತೆ ನೋಡಿಕೊಳ್ಳುತ್ತಿತ್ತು. ಈ ವರ್ಷ ತಂದ ಹೊಸದು ಅತಿಜಾಣ. ಯಾರೂ ಮುಟ್ಟಿಲ್ಲವೆಂದ ಮೇಲೆ ಯಾಕೆ ನೋಡಲಿ ಎಂದು ಮೊದಲು ಓದಿದ ಅಳತೆಯನ್ನೇ ಹಿಡಿದು ಕೂತಿದೆ. ಗಾಳಿ ಕೆಟ್ಟರೂ ಫ್ಯಾನು ಚುರುಕಾಗುವುದಿಲ್ಲ. ನನ್ನ ತಂಗಿ ಸೊಣ್ಣಮ್ಮ, ಮೊದಲೇ ಉಬ್ಬಸದವಳು, ಆ ಫ್ಯಾನಿನ ಕೇರಿಯಲ್ಲೇ ಮಲಗಿದ್ದಾಳೆ.

ಪದ ಸೇರಿಸಿದರಾಯಿತು ಎನ್ನಬಹುದು ನೀವು. ಅಲ್ಲೇ ನನ್ನ ತಲೆ ಕೆಟ್ಟಿರುವುದು. ಉಳಿದ ಸಾಲುಗಳಲ್ಲೆಲ್ಲ ಆ ಪದ ಬರೆದಿದ್ದೀರಿ, ಇಲ್ಲಿ ಮಾತ್ರ ಬಿಟ್ಟಿದ್ದೀರಿ. ಮರೆತಿರಾ? ಬೇಕೆಂದೇ ಬಿಟ್ಟಿರಾ? ಬೇಕೆಂದೇ ಆಗಿದ್ದರೆ, ನಾನು ಸೇರಿಸಿದ ಮೇಲೆ ಇನ್ನೇನು ನಿಲ್ಲುತ್ತದೆ? ಪಕ್ಕದಲ್ಲೊಂದು ಟಿಪ್ಪಣಿಯೂ ಇಲ್ಲವಲ್ಲ, ಪುಣ್ಯಾತ್ಮರೇ! ಹಿರಿಯರ ಮೇಲೆ ಸಿಟ್ಟಾಗಬಾರದು, ಆದರೂ ಆಗಿದೆ. ತಿರುಳು ಒಮ್ಮೆ ಕೆಟ್ಟು ಕೂತುಬಿಟ್ಟರೆ ಫ್ಯಾನುಗಳೆಲ್ಲ ನಿಲ್ಲುತ್ತವೆ, ಎಬ್ಬಿಸಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಸೊಣ್ಣಮ್ಮನ ಉಸಿರು ತಾಳಬೇಕಲ್ಲ. ಮೇಲಕ್ಕೆ ಸಾಗಿಸುತ್ತೇನೆಂದರೆ ಅವಳು ಒಪ್ಪಲಿಲ್ಲ. "ಆ ಪದ ಹಾಕಕ್ಕ. ನಾನು ಇಲ್ಲೇ ಇರ್ತೀನಿ. ತಪ್ಪಾದ್ರೆ ಮೊದ್ಲು ನಂಗೇ ಗೊತ್ತಾಗುತ್ತಲ್ಲ" ಅಂದಳು.

ಈ ಪತ್ರ ನಿಮ್ಮನ್ನು ಯಾವ ಕಾಲದಲ್ಲಿ ತಲುಪುತ್ತದೋ ತಿಳಿಯದು; ನೀವಿನ್ನೂ ಆ ಸಾಲು ಬರೆದಿಲ್ಲವಾದರೆ, ದಯವಿಟ್ಟು ಏನು ಮುಟ್ಟುತ್ತೀರೋ ಹೇಳಿಯೇ ಮುಟ್ಟಿ. ಬಿಡುವುದಾದರೆ ಯಾಕೆ ಬಿಟ್ಟಿರೆಂದು ಬರೆದಿಡಿ. ನಾನಂತೂ ನಮ್ಮ ಕೇರಿಯ ಪದ್ಧತಿ ಮೀರಲಾರೆ, ಕೂಗಿಯೇ ಆ ಪದ ಸೇರಿಸುತ್ತೇನೆ. ಸೊಣ್ಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಅಜ್ಜನೋ ಅಜ್ಜಿಯೋ, ಕೇಳಿಸಿತೇ?

ನಿಮ್ಮ ಸಾಲನ್ನು ಮುಟ್ಟಿದೆ.