ಅಜ್ಜಂಪುರದ ಬಸ್ಸು ಹತ್ತಿದ ನಿಮ್ಮ ಮಗ

ಅತ್ತೆ,

ಮಧ್ಯಾಹ್ನ ಮೂರೂ ಕಾಲಿಗೆ ನಿಮ್ಮ ಫೋನು ಹೊಡೆದುಕೊಂಡಿತು. ಎಷ್ಟೋ ರಾತ್ರಿಗಳಿಂದ ನಿದ್ದೆಯಿಲ್ಲದ ನಾನು ಮಗಳು ಪುಟ್ಟಿಯನ್ನು ಮಲಗಿಸಿ, ಪಕ್ಕದಲ್ಲಿ ಆಗಷ್ಟೇ ಕಣ್ಣು ಮುಚ್ಚಿದ್ದೆ. ನೀವು ಹೋಗಿ ಐದು ತಿಂಗಳಾದರೂ ಆ ಫೋನನ್ನು ಚಾರ್ಜಿಗೆ ಹಾಕುತ್ತಲೇ ಇದ್ದೇನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನಿಮ್ಮ ಮಗನಿಗೆ ಬಾಯಿಪಾಠವಾಗಿ ಉಳಿದಿರುವುದು ನಿಮ್ಮ ನಂಬರೊಂದೇ. ನನ್ನದೂ ಇಲ್ಲ.

"ಅವ್ವಾ, ಬಸ್ಸಲ್ಲಿದೀನಿ. ಅಜ್ಜಂಪುರಕ್ಕೆ. ರೆಡಿಯಾಗಿರು, ಕರ್ಕೊಂಡೋಗಕ್ಕೆ ಬತ್ತಾ ಇದೀನಿ" ಎಂದರು. ಅಷ್ಟರಲ್ಲಿ ಕಂಡಕ್ಟರು ಅವರಿಗೆ ಕೊಟ್ಟಿದ್ದ ತನ್ನ ಫೋನು ಕಿತ್ತುಕೊಂಡ. "ಯಾರಮ್ಮ ಇವ್ರು? ಬರೋವಾಗಿನ ಟಿಕೀಟೂ ಈಗ್ಲೇ ಹರಿ, ನಮ್ಮವ್ವಂದೂ ಸೇರಿಸ್ಕೊ ಅಂತಾರೆ. ಅಲ್ಲೇ ತಗೊಳ್ಳಿ ಅಂದ್ರೆ ನಂಗೇ ಗದರ್ತಾವ್ರೆ ಕಣಮ್ಮ!" ಬಸ್ಸಿನ್ನೂ ತರೀಕೆರೆ ಸ್ಟ್ಯಾಂಡು ಬಿಟ್ಟಿರಲಿಲ್ಲ. ಕೈಮುಗಿದು ಕೇಳಿಕೊಂಡೆ. ಅವರಿರುವ ಆರೈಕೆ ಕೇಂದ್ರದವರು ಬರುವ ತನಕ ಆ ಪುಣ್ಯಾತ್ಮ ಬಸ್ಸು ನಿಲ್ಲಿಸಿಕೊಂಡಿದ್ದ.

ಕೇಂದ್ರಕ್ಕೆ ಸೇರಿಸಿದ ದಿನ ನೆನಪಿದೆಯಾ? "ಹೆಂಡ್ತಿ ಅನ್ನೋಳು ಮನೇಲಿದ್ದೂ ನನ್ ಮಗನ್ನ ಯಾರ್ದೋ ಕೈಗೆ ಹಾಕ್ತೀಯೇನೇ?" ಎಂದು ಕಡೂರಿನಿಂದ ತರೀಕೆರೆಯವರೆಗೂ ಬೈದಿರಿ. ಆಮೇಲೆ ಮಂಗಳವಾರ ತಪ್ಪದೆ ಹೋಗುತ್ತಿದ್ದವರೂ ನೀವೇ. ಅವರಾಗಿಯೇ ಉಣ್ಣಲಿ, ತುತ್ತಿಡಬೇಡಿ ಎಂದು ಅಲ್ಲಿನ ಸಿಸ್ಟರ್ ಹೇಳಿದ್ದರಲ್ಲ. ಅನ್ನ ಚೆಲ್ಲಿದರೆ ನಿಮಗೆ ಕೈ ತಡೆಯುತ್ತಿರಲಿಲ್ಲ. ಎರಡೂ ಕೈಗೆ ಸೆರಗು ಸುತ್ತಿಕೊಂಡು ಕೂತಿರುತ್ತಿದ್ದಿರಿ. ಆ ಶಕ್ತಿ ನನಗೆಲ್ಲಿಂದ...

ನಿಮ್ಮನ್ನು ಮಣ್ಣು ಮಾಡುವ ದಿನ ಚಿಕ್ಕಪ್ಪ, "ಅವನ್ನ ಕರೀಬ್ಯಾಡ್ರಪ್ಪ, ತಡ್ಕಳಲ್ಲ" ಎಂದುಬಿಟ್ಟರು. ಹಿರಿಮಗ ಹಾಕಬೇಕಾದ ಮೂರು ಹಿಡಿ ಮಣ್ಣನ್ನು ಮೈದುನ ಹಾಕಿದ. ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತಲ್ಲವಾ?

ಕಾರ್ಯ ಮುಗಿಸಿ ನೋಡಲು ಹೋದಾಗ ಅವರ ಮೊದಲ ಪ್ರಶ್ನೆಯೇ "ಅವ್ವ ಎಲ್ಲಿ?" ಅಜ್ಜಂಪುರದಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಎಂದೆ. ಆ ಹೊತ್ತು ಕಳೆದರೆ ಸಾಕಿತ್ತು. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ಕು ಇರುತ್ತದೆ, ನಿಮಗೆ ಗೊತ್ತು. ನಡೆದದ್ದನ್ನೆಲ್ಲ ತಾವೇ ಬರೆದು, ಬೆಳಿಗ್ಗೆ ಸ್ನಾನವಾದ ಮೇಲೆ ಓದಿಕೊಳ್ಳಬೇಕು. ಬಾಯಿಮಾತು ಸಂಜೆಗೆ ಮರೆತುಹೋಗುತ್ತದೆ. ತಮ್ಮ ಕೈಬರಹವನ್ನು ಮಾತ್ರ ಅವರು ನಂಬುವುದು. "ನಿಧಾನಕ್ಕೆ ಹೇಳೇ" ಎಂದು ಪೆನ್ನು ಹಿಡಿದರು. ನಾನು ಹೇಳಿದೆ, ಅವರು ಬರೆದರು. 'ಅವ್ವ ಅಜ್ಜಂಪುರದಲ್ಲಿ ಇದ್ದಾಳೆ.' ಐದು ತಿಂಗಳಿಂದ ದಿನಾ ಅದನ್ನು ಓದುತ್ತಾರೆ, ದಿನಾ ಫೋನು ಮಾಡುತ್ತಾರೆ. ನಿಮಗೆ ನಿದ್ದೆ ಎನ್ನುತ್ತೇನೆ, ಸ್ನಾನ ಎನ್ನುತ್ತೇನೆ.

ಇವತ್ತು ಸಂಜೆ ಫೋನು ಮಾಡಿದ ಸಿಸ್ಟರ್ ಬೈಯಲಿಲ್ಲ. "ಆ ಪುಸ್ತಕದಲ್ಲೂ ಸುಳ್ಳಿದ್ರೆ ಅವ್ರು ಇನ್ಯಾವುದನ್ನ ನಂಬ್ಬೇಕು, ನೀವೇ ಹೇಳಿ?" ಎಂದರು, ಅಷ್ಟೇ. ಆಮೇಲೆ ಅವರೇ ನಕ್ಕರು. ಅತ್ತೆ, ನಿಮ್ಮ ಮಗ ಷರ್ಟಿನ ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡಿದ್ದರಂತೆ. ಬಸ್ಸಿನ ಬೋರ್ಡು ತಾವೇ ಓದಿ ಹತ್ತಿದ್ದರಂತೆ. ಯಾರನ್ನೂ ಕೇಳದೆ! ಇದನ್ನು ಕೇಳಿಸಿಕೊಳ್ಳಲು ನೀವಿರಬೇಕಿತ್ತು. ಖುಷಿಪಡಲೋ ಅಳಲೋ ನನಗಂತೂ ತಿಳಿಯಲಿಲ್ಲ.

ನಾಳೆ ಹತ್ತು ಗಂಟೆಗೆ ಹೋಗಿ ಆ ಸಾಲು ಹೊಡೆಸಿ, ನಿಜ ಬರೆಸುತ್ತೇನೆ. ಆಮೇಲೆ ನಿಮ್ಮನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಕರೆದುಕೊಂಡು ಬರುತ್ತೇನೆ, ಮಾತು ಕೊಡುತ್ತೇನೆ. ಆದರೆ ಬರೆದದ್ದನ್ನು ನಾಳಿದ್ದು ಓದುತ್ತಾರೆ, ಆಚೆ ನಾಳಿದ್ದೂ ಓದುತ್ತಾರೆ. ದಿನಾ ಬೆಳಿಗ್ಗೆ ನೀವು ಅವರಿಗೆ ಹೊಸದಾಗಿ ತೀರಿಕೊಳ್ಳುತ್ತೀರಿ. ಅಂಥ ಸಾಲನ್ನು ಹೇಗೆ ಹೇಳಿ ಬರೆಸಲಿ? ಮಾವ ಹೋದಾಗ ಆರು ವರ್ಷದ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ನೀವೇ ಹೇಳಿದ್ದಿರಂತೆ. ಏನೆಂದು ಹೇಳಿದಿರಿ? ಕೇಳಬೇಕು ಕೇಳಬೇಕು ಅಂದುಕೊಂಡೇ...

ಒಂದೇ ಒಂದು ಸಲ ಫೋನು ಮಾಡಿ ಅತ್ತೆ, ಬೆಳಗಾಗುವುದರೊಳಗೆ. ನನ್ನನ್ನು ಬೈಯಿರಿ ಬೇಕಾದರೆ. ಮೊದಲ ಮಾತು ಯಾವುದಿರಬೇಕು, ಅಷ್ಟು ಹೇಳಿ ಇಟ್ಟುಬಿಡಿ.