ಬ್ರೀಡಿಯ ಮಗನ ಬೆನ್ನಿನ ಸುಳಿ

ಬ್ಲೆಸಿಂಗ್‌ಟನ್ ಹತ್ತಿರ,
ಮಂಗಳವಾರ, 21 ಏಪ್ರಿಲ್ 2020

ಪ್ರೀತಿಯ ರೋಶನ್,

ಕಾಗದ ಕಂಡು ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಿದರೆ ನೀನು ಮೊದಲು ನಕ್ಕು ಮುಗಿಸುತ್ತೀಯ, ಆಮೇಲೆ ಬೈಯುತ್ತೀಯ, ನನ್ನ ಮಾತು ಅಲ್ಲೇ ಉಳಿದುಹೋಗುತ್ತದೆ. ಕಾಗದವಾದರೆ ನೀನು ಎಷ್ಟು ನಕ್ಕರೂ ನನಗೆ ಕೇಳಿಸುವುದಿಲ್ಲ. ಲಿಟಲ್ ಐಲ್ಯಾಂಡ್‌ನ ನಿಮ್ಮ ಔಷಧದ ಫ್ಯಾಕ್ಟರಿಗೆ ಈಗ ರಜೆಯೇ ಇಲ್ಲವಂತೆ. ರಂಜಾನ್ ಬೇರೆ ಬಂತು. ಪುರುಸೊತ್ತು ಮಾಡಿಕೊಂಡು ಓದು.

ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಕೂಡದು ಎಂದು ಸರ್ಕಾರ ಹೇಳಿದಾಗಿನಿಂದ ನನ್ನ ಮಾವ ಡೊನಾಲ್ ಮಹಡಿಯ ಕಿಟಕಿಯಿಂದಲೇ ಫಾರ್ಮ್ ನಡೆಸುತ್ತಿದ್ದಾರೆ. ಅವರ ಎದೆ ಮೊದಲೇ ಗಟ್ಟಿಯಿಲ್ಲ. ನನ್ನ ಗಂಡ ಫರ್ಗಲ್‌ನದು ಆಸ್ಪತ್ರೆಯ ಕೆಲಸವಾದ್ದರಿಂದ ಅಪ್ಪನಿಗೆ ಸೋಂಕು ತರಬಾರದೆಂದು ನೇಸ್‌ನಲ್ಲಿ ಒಂದು ಕೋಣೆ ಹಿಡಿದ. ಮಾವ ಮಗನಿಗೆ ಫೋನ್ ಮಾಡಿ, ಅವನು ಎತ್ತದಿದ್ದರೆ ನನ್ನನ್ನು ಕೇಳುತ್ತಾರೆ. ಡ್ಯೂಟಿಯಲ್ಲಿ ಇರುತ್ತಾನೆ, ಚೆನ್ನಾಗಿದ್ದಾನೆ, ಇವರ ಮಾತಿನಲ್ಲಿ ಗ್ರ್ಯಾಂಡ್ ಆಗಿದ್ದಾನೆ ಎನ್ನುತ್ತೇನೆ. ಹೀಗಾಗಿ ಸಿಟಿವೆಸ್ಟ್‌ನ ಆಫೀಸು ಅಡುಗೆಮನೆಯ ಮೇಜಿಗೆ ಬಂದಿದೆ, ದನದ ಹಿಂಡು ನನ್ನ ತಲೆಗೆ ಬಂದಿದೆ. ಸಾಫ್ಟ್‌ವೇರಿನ ತಪ್ಪು ಹುಡುಕುವವಳು ಸಗಣಿ ಬಾಚುತ್ತಿದ್ದಾಳೆ, ನಗು.

ನಮ್ಮ ದನಗಳನ್ನು ನೀನು ನೋಡಿಲ್ಲ. ಮೊಯ್ಲ್ಡ್ ಎನ್ನುತ್ತಾರೆ. ಈ ದೇಶದ್ದೇ ಹಳೇ ತಳಿ. ಕೊಂಬು ಇಲ್ಲ, ಬೆನ್ನುದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಒಂದು ಕಾಲಕ್ಕೆ ಇನ್ನೇನು ಇಲ್ಲವಾಯಿತು ಎನ್ನುವಷ್ಟು ಕಡಿಮೆಯಾಗಿದ್ದವಂತೆ. ಈ ಮನೆಯವರಂಥ ಕೆಲವರು ಹಟ ಹಿಡಿದು ಉಳಿಸಿಕೊಂಡು ಬಂದಿದ್ದಾರೆ. ಯಾಕೆ ಸಾಕುತ್ತಾರೆ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ನಮ್ಮ ಅವ್ವ ಬಸಲಿಂಗಮ್ಮನವರು ಮಾತ್ರ ಇದು ಹೈನಿನ ಮನೆ ಎಂದೇ ನಂಬಿದ್ದಾರೆ. ನಿಮ್ಮ ಬಿರಿಯಾನಿಯ ಘಮಕ್ಕೆ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ಮಾಂಸದ ದನ ಸಾಕುವವರ ಸೊಸೆಯಾದಳು ಎಂದು ನೀನು ಎಷ್ಟು ಸಲ ಆಡಿಕೊಂಡಿಲ್ಲ! ಮದುವೆಯ ಹೊಸದರಲ್ಲಿ ಮಾವನನ್ನು ಕೇಳಿದ್ದೆ, ಇಷ್ಟು ಪ್ರೀತಿಯಿಂದ ಸಾಕಿ ಕಡಿಯಲು ಕೊಡುತ್ತೀರಲ್ಲ ಎಂದು. ಕೊಳ್ಳುವವರಿಲ್ಲದ ದನವನ್ನು ಯಾರೂ ಸಾಕುವುದಿಲ್ಲ ಮಗಳೇ, ತಿನ್ನುವವರು ಇರುವುದರಿಂದಲೇ ಇವು ಇನ್ನೂ ಇವೆ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೆಣ್ಣುಗರುಗಳೆಲ್ಲ ಉಳಿಯುತ್ತವೆ. ಹೋರಿಗರುಗಳಲ್ಲಿ ಒಂದನ್ನು ಮಾತ್ರ ಬೀಜಕ್ಕೆಂದು ಬಿಟ್ಟು, ಉಳಿದವಕ್ಕೆ ಬೀಜ ಒಡೆಸುತ್ತಾರೆ. ಆಮೇಲೆ ಎರಡು ವರ್ಷ ಹುಲ್ಲು, ಆಮೇಲೆ ಅದೇ. ಈ ಸಲ ಉಳಿದಿರುವುದು ಎರಡೇ ಹೋರಿಗರು, ಒಂದು ಬ್ರೀಡಿಯ ಮಗ, ಇನ್ನೊಂದು ನೋರಾಳ ಮಗ. ಬ್ರೀಡಿ ಈಯುವಾಗಲೇ ಸತ್ತಳು. ಮಾವನ ತಾಯಿ ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ಸಂತತಿಯಲ್ಲಿ ಅವಳೇ ಕೊನೆಯವಳು. ಈಗ ಆ ರಕ್ತ ಇರುವುದು ಇವನೊಬ್ಬನಲ್ಲಿ. ಬ್ರೀಡಿಯ ಮಗ ಉಳಿಯಬೇಕು ಎಂದು ಮಾವ ಕಿಟಕಿಯಿಂದ ಕೂಗಿ ಹೇಳಿದ್ದಾರೆ, ಫೋನಿನಲ್ಲಿ ಮತ್ತೆ ಹೇಳಿದ್ದಾರೆ. ನೋರಾಳ ಮಗನ ಬೀಜ ಒಡೆಯಲು ಗುರುವಾರ ಪಶುವೈದ್ಯೆ ಬರುತ್ತಾಳೆ.

ಭಾನುವಾರ ಅವನ ಮೈ ಉಜ್ಜುತ್ತಿದ್ದೆ. ಚಳಿಗಾಲದ ಕೂದಲು ಉದುರಿದ ಜಾಗದಲ್ಲಿ, ಭುಜದ ಹಿಂದೆ, ಬಿಳಿ ಪಟ್ಟೆಯ ಎರಡೂ ಬದಿಗೆ ಒಂದೊಂದು ಸುಳಿ. ಜೋಡಿ ಸುಳಿ, ರೋಶನ್. ಕೈಯಲ್ಲಿದ್ದ ಬ್ರಶ್ಶು ಅಲ್ಲೇ ನಿಂತಿತು.

ರಾಣೆಬೆನ್ನೂರಿನ ದನದ ಸಂತೆಗೆ ನಿಮ್ಮ ಅಬ್ಬಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರಲ್ಲ. ಲಾಲ್ ಸಾಬ್ ಚಾಚಾ ಕೈಯಿಟ್ಟ ಹೋರಿ ಎಂದರೆ ಜನ ಮತ್ತೆ ಹಲ್ಲು ನೋಡುತ್ತಿರಲಿಲ್ಲ. ಒಮ್ಮೆ ಚೆಂದದ ಹೋರಿಯೊಂದನ್ನು ಸವರಿ ನೋಡಿ, ಹಗ್ಗ ಕೆಳಗೆ ಬಿಟ್ಟು ಹೊರಟುಬಿಟ್ಟರು. ಯಾಕೆ ಚಾಚಾ ಎಂದರೆ, “ಜೋಡಿ ಸುಳಿ ಐತವಾ. ಇಂಥದ್ದನ್ನ ಬೀಜಕ್ಕಂತ ಇಟ್ಕೊಂಡ್ರ ಮನಿ ಗಂಡಸರಿಗೆ ಆಗೂದಿಲ್ಲ. ಬೀಜ ಒಡದ ಮ್ಯಾಗ ಚಿಂತಿಲ್ಲ, ಆಗ ಅದು ಬರೇ ಕೂದಲ” ಎಂದರು. ನೀನು ಅವತ್ತೂ ನಕ್ಕಿದ್ದೆ.

ನಾನೂ ನಗಬೇಕು ಎಂದುಕೊಂಡೆ, ಆಗಲಿಲ್ಲ. ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೀಟಿಂಗಿನ ಮಧ್ಯೆ ಕ್ಯಾಮೆರಾ ಆರಿಸಿ ಕೊಟ್ಟಿಗೆಗೆ ಓಡುತ್ತೇನೆ. ಒದ್ದೆ ಬ್ರಶ್ಶಿನಿಂದ ಆ ಸುಳಿ ಅಳಿಸಿಹೋಗುವಂತೆ ಬಾಚುತ್ತೇನೆ, ಒಣಗಿದ ಮೇಲೆ ಮತ್ತೆ ಸುತ್ತಿಕೊಂಡು ಕೂತಿರುತ್ತದೆ. ಸುಮ್ಮನೆ ಮಾತಿಗೆ ಎಂಬಂತೆ ಮಾವನಿಗೆ ಹೇಳಿದೆ, ಅವನ ಬೆನ್ನಿನ ಕೂದಲು ಸುತ್ತಿಕೊಂಡಿದೆ ಎಂದು. ಒಳ್ಳೆಯದೇ ಆಯಿತು, ಚಳಿ ತಡೆಯುತ್ತಾನೆ ಎಂದರು. ಆ ಮುದುಕನಿಗೆ ಏನಾದರೂ ಆದರೆ ನಾನು ಏನು ಮಾಡಲಿ? ಓದಿದವಳು ಹೀಗೆ ಬರೆಯುತ್ತಿದ್ದೇನೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ. ಇರು, ಫೋನ್. ಅಲ್ಲ, ಆಫೀಸಿನದು.

ಗುರುವಾರ

ಮಂಗಳವಾರವೇ ಅಂಚೆಗೆ ಹಾಕಬೇಕಿತ್ತು, ಹಾಕಲಿಲ್ಲ. ನೀನು ಬುದ್ಧಿ ಹೇಳುತ್ತೀಯ ಎಂದು ಗೊತ್ತಿತ್ತು. ನನಗೆ ಅದು ಬೇಕಿರಲಿಲ್ಲ ಎಂದು ಈಗ ತಿಳಿಯುತ್ತಿದೆ.

ಪಶುವೈದ್ಯೆ ಬೆಳಿಗ್ಗೆ ಬಂದಳು. ಮಾಸ್ಕು, ಗೌನು, ಕಣ್ಣು ಮಾತ್ರ ಕಾಣುತ್ತಿತ್ತು. ಗೇಟಿನ ಆಚೆಯಿಂದಲೇ ಯಾವುದು ಎಂದು ಕೇಳಿದಳು. ನೋರಾಳ ಮಗ ಎನ್ನಲು ತಯಾರಾಗಿಯೇ ನಿಂತಿದ್ದೆ, ಮಾವ ಹೇಳಿದ ಟ್ಯಾಗ್ ನಂಬರ್ ಬಾಯಿಪಾಠವಾಗಿತ್ತು. ನನ್ನ ಕಣ್ಣು ಬ್ರೀಡಿಯ ಮಗನ ಬೆನ್ನಿಗೆ ಹೋಯಿತು. ಅವನ ಕಿವಿಯಲ್ಲಿದ್ದ ನಂಬರನ್ನೇ ಓದಿ ಹೇಳಿಬಿಟ್ಟೆ. ಖಂಡಿತವಾ ಎಂದು ಕೇಳಿದಳು. ಹೂಂ ಎಂದೆ. ಕೆಲಸ ಬೇಗ ಮುಗಿಯಿತು. ಅವನು ಒಂದೇ ಸಲ ಅರಚಿ, ಆಮೇಲೆ ಹೋಗಿ ನೀರು ಕುಡಿದ.

ಕಿಟಕಿಯಿಂದ ಕೊಟ್ಟಿಗೆ ಕಾಣುವುದಿಲ್ಲ. ಮಾವ ಫೋನ್ ಮಾಡಿದರು. ಬ್ರೀಡಿಯ ಮಗ ಹೇಗಿದ್ದಾನೆ ಎಂದರು. ಗ್ರ್ಯಾಂಡ್ ಎಂದೆ. ನನ್ನನ್ನು ಹೊರಗೆ ಬಿಟ್ಟ ದಿನ ಮೊದಲು ಬಂದು ಅವನ ಬೆನ್ನು ತಟ್ಟುತ್ತೇನೆ, ಆಮೇಲೆ ಉಳಿದದ್ದು ಎಂದರು. ಅವರ ದನಿಯಲ್ಲಿ ಎಷ್ಟು ಖುಷಿಯಿತ್ತು ಎಂದರೆ ನಾನು ಫೋನ್ ಇಟ್ಟು ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿ ನಿಂತೆ.

ಎಪ್ಪತ್ತೆಂಟು ವರ್ಷದ ಅವರಿಗೆ ಅಮ್ಮನ ಕಡೆಯಿಂದ ಉಳಿದಿದ್ದ ಜೀವಂತ ವಸ್ತು ಅದೊಂದೇ. ಅದನ್ನು ನಾನು ಮುಗಿಸಿದೆ. ನಾಚಿಕೆಯಾಗುತ್ತಿದೆ, ರೋಶನ್. ಹಗುರವೂ ಆಗಿದೆ, ಸುಳ್ಳು ಹೇಳುವುದಿಲ್ಲ. ಅವರಿಗೆ ಹೇಗೆ ಹೇಳಲಿ, ಹೇಳಬೇಕೇ, ಅದನ್ನು ಮಾತ್ರ ಬರೆ. ಚಾಚಾ ಅವರನ್ನು ಸುಳಿಯ ವಿಷಯ ಕೇಳಬೇಡ. ಭುಜದ ಹಿಂದಿನದು ಒಳ್ಳೆ ಸುಳಿಯವ್ವಾ ಎಂದುಬಿಟ್ಟರೆ ನನಗೆ ತಡೆಯುವ ಶಕ್ತಿ ಇಲ್ಲ.

ಮನೆಯಲ್ಲಿ ಅತೀಫ್‌ಗೆ ನನ್ನ ಸಲಾಂ ಹೇಳು. ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದೆಂಬ ಈ ಗೆರೆ ಅಳಿಸಿದ ಮೇಲೆ ನಾನೇ ಕಾರ್ಕ್‌ಗೆ, ನಿನ್ನ ಮನೆಗೆ ಬರುತ್ತೇನೆ. ಆಗ ಎದುರಿಗೇ ಕೂರಿಸಿಕೊಂಡು ಬೈ.

ನಿನ್ನ,
ಶುಭಾ

ಮ.ವಿ.: ಫರ್ಗಲ್ ನೇಸ್‌ನ ಕೋಣೆಯಲ್ಲಿಲ್ಲ. ಶನಿವಾರದಿಂದ ಆಸ್ಪತ್ರೆಯ ಹಾಸಿಗೆಯಲ್ಲಿ, ಆಕ್ಸಿಜನ್ ಮೇಲೆ ಇದ್ದ. ಮಾವನಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ, ಇಷ್ಟುದ್ದ ಬರೆದೂ ನಿನಗೆ ಹೇಳಲಿಲ್ಲ. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ವಾರ್ಡಿನಿಂದ ಫೋನ್ ಬಂತು. ಜ್ವರ ಬಿಟ್ಟಿದೆ, ತಾನೇ ಉಸಿರಾಡುತ್ತಿದ್ದಾನೆ, ಟೀ ಬೇಕೆಂದು ಹಟ ಮಾಡುತ್ತಿದ್ದಾನಂತೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಯಾವಾಗಿನಿಂದ ಎಂದು ಕೇಳಿದೆ. ನಿನ್ನೆ ಬೆಳಿಗ್ಗೆಯಿಂದಲೇ ಗುಣ ಕಂಡಿತ್ತು, ನಿಮಗೆ ಫೋನ್ ಮಾಡಲು ಪುರುಸೊತ್ತೇ ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದಳು ನರ್ಸ್. ನಿನ್ನೆ ಬೆಳಿಗ್ಗೆ, ರೋಶನ್. ಪಶುವೈದ್ಯೆ ಬಂದದ್ದು ಇವತ್ತು.