ಹಾಲುಬಿಳುಪಿನ ಹಾಳೆ

ಫೆಬ್ರವರಿ ೩೦, ೨೩೧೨

ಮೂರು ಶತಮಾನದ ಹಿಂದಿನ ಕನ್ನಡಿಗರಿಗೆ,

ತಾರೀಖು ತಪ್ಪಲ್ಲ, ನಾವು ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇಟಲಿಯ ಈ ಬೆಟ್ಟದೂರಿನಲ್ಲಿ ಕನ್ನಡ ಬಲ್ಲವರು ಇಬ್ಬರೇ: ನಾನು, ಮತ್ತು ನಾನೇ ಕಲಿಸಿದ ಓರ್ಸೊಲಾ. ಈಗ ಅವಳೇ ನನಗಿಂತ ಇಂಪಾಗಿ ಮಾತಾಡುತ್ತಾಳೆ.

ನಾವು ಹಳೆಯ ಹತ್ತಿಬಟ್ಟೆಯ ಚಿಂದಿಯಿಂದ ಕೈಯಲ್ಲೇ ಕಾಗದ ಮಾಡುವವರು. ಚಿಂದಿಯನ್ನು ನೆನೆಸಿ, ಕುಟ್ಟಿ, ತೆಳುಗಂಜಿಯಂಥ ಆ ನೀರಿನಲ್ಲಿ ಜಾಲರಿಯ ಚೌಕಟ್ಟನ್ನು ಮುಳುಗಿಸಿ ಎತ್ತಿದರೆ ಒಂದು ಹಾಳೆ. ತೊರೆಯಿಂದ ತಂದ ನೀರನ್ನು ತಂದಷ್ಟೇ ಶುದ್ಧವಾಗಿ ಹಿಂದಿರುಗಿಸಬೇಕು. ಅದನ್ನು ‘ಮರಳುನೀರು’ ಎನ್ನುತ್ತೇವೆ. ಅದು ಅಂಗಳದ ಮೀನುಕೊಳವನ್ನು ಹಾದು ತೂಬಿನಿಂದ ತೊರೆಗಿಳಿಯುತ್ತದೆ. ಮೀನು ಸತ್ತರೆ ತೂಬು ಮುಚ್ಚಬೇಕು.

ಇಲ್ಲಿ ಹನ್ನೊಂದು ವರ್ಷ ದುಡಿದವಳು ನಾನು. ಓರ್ಸೊಲಾ ಬಂದು ಮೂರೇ ವರ್ಷ. ಅವಳ ಹಾಳೆಯನ್ನು ಬೆಳಕಿಗೆ ಹಿಡಿದರೆ ಒಂದು ಗಂಟೂ ಕಾಣದು, ನನ್ನದರಲ್ಲಿ ಕಾಣುತ್ತದೆ. ನಮ್ಮ ಒಡತಿ, ವೃದ್ಧೆ ತೆಕ್ಲಾ, ತನ್ನ ನಂತರ ತನ್ನ ಚೌಕಟ್ಟನ್ನೂ ಸ್ಥಾನವನ್ನೂ ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಇಬ್ಬರಿಗೂ ಹತ್ತು ಹತ್ತು ಹಾಳೆ ಮಾಡಲು ಹೇಳಿದಳು. ನಾನು ನಿಷಿದ್ಧವಾದ ಬಿಳುಪುಪುಡಿಯನ್ನು ಕದ್ದು ತಂದು ನನ್ನ ತೊಟ್ಟಿಗೆ ಸುರಿದೆ.

ನನ್ನ ಹಾಳೆಗಳು ಹಾಲಿನಂತೆ ಬಂದವು. ಅವಳದು ಗೋಧಿಯ ಬಣ್ಣ. ತೆಕ್ಲಾ ನನ್ನ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡಳು. ಅಂಥ ಸುಖ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಮಧ್ಯಾಹ್ನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಓರ್ಸೊಲಾ ಎದೆಮಟ್ಟದ ನೀರಿಗೆ ಧುಮುಕಿ ತೂಬಿಗೆ ಬೆನ್ನು ಕೊಟ್ಟು ನಿಂತಳು.

“ಹಲಗೆ ಕೊಡಕ್ಕಾ, ಬೇಗ! ಕೆಳಗಿನ ಊರೋರು ಇದನ್ನೇ ಕುಡಿಯೋದು!”

ತೂಬು ಮುಚ್ಚುವ ಹಲಗೆ ನನ್ನ ಕಾಲ ಬಳಿಯೇ ಇತ್ತು. ಒಂದು ಕ್ಷಣ ನಾನು ಬಗ್ಗಲಿಲ್ಲ. ಈ ಕಾಗದ ಬರೆಯುತ್ತಿರುವುದೇ ಆ ಒಂದು ಕ್ಷಣಕ್ಕಾಗಿ. ಆಮೇಲೆ ಕೊಟ್ಟೆ. ತೊರೆ ಉಳಿಯಿತು.

“ಪುಡಿ ಹಾಕ್ದೋಳು ನಾನೇ” ಎಂದೆ.

ಅವಳ ತೋಳುಗಳು ಕೆಂಪಗೆ ಉರಿಯುತ್ತಿದ್ದವು. “ಚಳಿ ಆಗ್ತಿದೆ, ಕಂಬಳಿ ಕೊಡು” ಎಂದಳು, ಅಷ್ಟೇ. ಬೈದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ಚೌಕಟ್ಟು ಅವಳಿಗೇ ಸಿಕ್ಕಿತು. ನನ್ನನ್ನು ಹೊರಹಾಕಬೇಡಿ ಎಂದು ತೆಕ್ಲಾಳನ್ನು ಬೇಡಿಕೊಂಡವಳೂ ಅವಳೇ. ಈಗ ನಾನು ಅವಳಿಗೆ ಚಿಂದಿ ಹರಿದುಕೊಡುತ್ತೇನೆ. ಹೊಟ್ಟೆಕಿಚ್ಚು ಆರಿಲ್ಲ. ನಿಮ್ಮ ಮೇಲೂ ಇದೆ: ಗಟ್ಟಿಮುಟ್ಟಾದ ಹತ್ತಿಬಟ್ಟೆಯನ್ನು ನೀವು ಬಣ್ಣ ಮಾಸಿತೆಂದು ಬಿಸಾಡುತ್ತಿದ್ದಿರಂತೆ. ಅಂಗೈಯಗಲದ ಚಿಂದಿಗೆ ನಾವು ಸರದಿ ನಿಲ್ಲುತ್ತೇವೆ.

ಒಂದೇ ಕೋರಿಕೆ. ನಿಮ್ಮ ಕಾಲದಲ್ಲೂ ಕೈಯಲ್ಲಿ ಕಾಗದ ಮಾಡುವ ಇಂಥ ಸಣ್ಣ ಮನೆಗಳಿವೆಯಲ್ಲ, ಅಲ್ಲಿಗೆ ಹೋದಾಗ ಎಲ್ಲಕ್ಕಿಂತ ಬಿಳಿಯ ಹಾಳೆ ಯಾರದೆಂದು ಕೇಳಬೇಡಿ. ಒಳಗೆ ನನ್ನಂಥವಳೊಬ್ಬಳು ಕೇಳಿಸಿಕೊಳ್ಳುತ್ತಿರುತ್ತಾಳೆ.

ಹೈಮವತಿ